ಹಾಸು ಕೆಂಪು, ಹೊಕ್ಕು ಹಸಿರು

ಬಾಗಲಕೋಟೆ ನವನಗರದಲ್ಲಿ
ಹಾರ್ಡ್‌ವೇರ್ ಅಂಗಡಿಯ ಮೇಲೆ ನಮ್ಮ ಆಫೀಸು.
ಕೆಳಗೆ ಅಪ್ಪ ಪ್ರೈಮರ್ ಡಬ್ಬಿಗೆ ಚೌಕಾಸಿ ಮಾಡುತ್ತಾನೆ,
ಮೇಲೆ ನಾನು ಮೌಸಿನ ತುದಿಗೆ ಪುಟ್ಟ ಬಕೆಟ್ಟು ಕಟ್ಟಿಕೊಂಡು
ದಿನಕ್ಕೆ ಮೂರು ಮನೆಗೆ ಬಣ್ಣ ಸುರಿಯುತ್ತೇನೆ.

ಒಂದು ಕಿಟಕಿಗೆ ಅವನಿಗೆ ಎರಡು ದಿನ:
ಹಳೆ ಪದರು ಕೆರೆದು, ಉಸುಕಿನ ಕಾಗದ ತಿಕ್ಕಿ,
ಲಪ್ಪ ತುಂಬಿ, ಒಣಗುವ ತನಕ
ಕಟ್ಟೆಯ ಮೇಲೆ ಸುಮ್ಮನೆ ಕೂತು.
ನನಗೆ ಒಂದು ಟಿಕ್ ಸಪ್ಪಳ.
ನನ್ನ ಉಗುರು ಸ್ವಚ್ಛ ಇವೆ.
ಅದಕ್ಕೆ ಏನನ್ನಬೇಕೋ ಗೊತ್ತಾಗುವುದಿಲ್ಲ.

ಗುಳೇದಗುಡ್ಡದ ಗುರಸಿದ್ದವ್ವ ಬರಗುಂಡಿ
ನಕಾಶೆ ನೋಡಲೇ ಇಲ್ಲ.
ಸೆರಗಿನ ಗಂಟು ಬಿಚ್ಚಿ
ಅಂಗೈಯಗಲ ಖಣ ತೆಗೆದು ಪರದೆಗೆ ಆನಿಸಿ ಹಿಡಿದಳು:
"ಕಿಡಕಿಗೆ ಈ ಬಣ್ಣ."

ಯಾವ ಬಣ್ಣ?
ಹೀಗೆ ಹಿಡಿದರೆ ದಾಳಿಂಬೆ ಕೆಂಪು,
ಹಾಗೆ ವಾಲಿಸಿದರೆ ಗಿಳಿಹಸಿರು,
ನಡುವೆ ಹೆಸರಿಲ್ಲದ್ದೊಂದು ಮಿಂಚಿ ಹೋಗುತ್ತದೆ.
ನನ್ನ ಪಟ್ಟಿಯಲ್ಲಿ ಒಂದು ಕೋಟಿ ಅರವತ್ತೇಳು ಲಕ್ಷ ಬಣ್ಣ,
ಒಂದೊಂದಕ್ಕೂ ಆರಕ್ಷರದ ನಂಬರು.
ಇದು ಮಾತ್ರ ಇಲ್ಲ.
"ಹಾಸು ಕೆಂಪ ಐತಿ, ಹೊಕ್ಕು ಹಸರ ಐತಿ," ಎಂದಳು
ನಲವತ್ತು ವರ್ಷ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟವಳು,
"ಎರಡೂ ಕೂಡಿ ಒಂದ ಆಗ್ಯಾವ, ಒಂದ ಆಗಿಲ್ಲ.
ನಿನ್ನ ಮಿಷನ್ನಿಗೆ ತಿಳಿಯಂಗಿಲ್ಲೇನ?"

ಮಾತು ತಪ್ಪಿಸಲು ಬಾಗಿಲಿಗೆ ತೇಗ ಹಚ್ಚಿ ತೋರಿಸಿದೆ.
ಮೂಗು ಹತ್ತಿರ ತಂದಳು.
"ಈ ಗಂಟು ಇಲ್ಲೂ ಐತಿ, ಅಲ್ಲೂ ಐತಿ, ಮ್ಯಾಲೂ ಐತಿ.
ಯಾವ ಗಿಡದಾಗ ಒಂದ ಗಂಟು ಆರ ಸಲ ಬರತೈತಿ?"
ಹೌದು, ಫರಸಿಯಂತೆ ಜೋಡಿಸಿದ ಒಂದೇ ಚೂರು.
ಹಿಗ್ಗಿಸಿದೆ. ಗಂಟು ಒಂದಾಯಿತು,
ಕುಂಬಳಕಾಯಿಯಷ್ಟಾಯಿತು.
"ಮತ್ತ ಸಂಜೀ ಬಿಸಲ ಹಾಕೀದಿ,
ದೀಪ ಹಚ್ಚೂ ಹೊತ್ತಿನ್ಯಾಗ ಬಾಗಿಲಾ ಮುಚ್ಚತಾರೇನ?"
ತೆರೆದೆ. ಒಳಗೆ ಕೋಣೆ ಕಟ್ಟಿರಲಿಲ್ಲ.
ಹೊಸ್ತಿಲಿನಾಚೆ ನೇರ ಆಕಾಶ, ಒಂದು ಮೋಡ.
"ಇರಲಿ. ಗಾಳಿ ಚಲೋ ಬರತೈತಿ."

ರಾತ್ರಿ ಊಟಕ್ಕೆ ಕೂತಾಗ ಖಣ ಅಪ್ಪನ ಕೈಗಿಟ್ಟೆ.
ಲೈಟಿಗೆ ಹಿಡಿದು ತಿರುವಿದ, ಮರುತಿರುವಿದ.
"ಇದು ಡಬ್ಬಿಯಾಗ ಸಿಗೂದಿಲ್ಲವ್ವಾ.
ಕೆಂಪ ಹಸರ ಕಲಿಸಿದರ ಕೆಸರ ಆಗತೈತಿ."
ರೊಟ್ಟಿ ಮುರಿದ. ಅರ್ಧಕ್ಕೆ ನಿಲ್ಲಿಸಿದ.
"ಚೌಕ ಸರಳ ಹಾಕಸು. ಮೂಲಿ ಮುಂದ ಮಾಡಿ.
ಎಡಮುಖಕ್ಕ ಕೆಂಪ, ಬಲಮುಖಕ್ಕ ಹಸರ.
ಬರಾವರಿಗೆ ಒಂದ, ಹೋಗಾವರಿಗೆ ಒಂದ."
ಆಮೇಲೆ ಶೇಂಗಾ ಚಟ್ನಿ ಕೇಳಿದ.

ಮರುದಿನ
ದುಂಡು ಸರಳೆಲ್ಲ ಅಳಿಸಿದೆ.
ಹದಿನಾಲ್ಕು ಚೌಕ ಸರಳು ನಿಲ್ಲಿಸಿ,
ನಲವತ್ತೈದು ಡಿಗ್ರಿ ಹೊರಳಿಸಿ,
ಮುಖ ಮುಖ ಆರಿಸಿ ಹಚ್ಚುತ್ತ ಹೋದೆ:
ಕೆಂಪು, ಹಸಿರು, ಕೆಂಪು, ಹಸಿರು,
ಕೈ ಲಾಳಿಯಾಗಿ ಆಚೆ ಈಚೆ.
ಪಟ್ಟಣಶೆಟ್ಟಿ ಸರ್ ಬೆನ್ನ ಹಿಂದೆ ನಿಂತು
"ಒಂದು ಕಿಟಕಿಗೆ ಇಷ್ಟೊತ್ತೇನು?" ಎಂದರು.
ಒಣಗಬೇಕು ಸರ್, ಎಂದುಬಿಟ್ಟೆ.

ಗುರಸಿದ್ದವ್ವ ಬಂದಳು.
ಪರದೆಯ ಮುಂದೆ ಕೂತು ಕತ್ತು ಎಡಕ್ಕೆ ವಾಲಿಸಿದಳು,
ಬಲಕ್ಕೆ ವಾಲಿಸಿದಳು, ಖಣ ನೋಡುವ ಹಾಗೆ.
ಗಾಜು ಚಪ್ಪಟೆ.
ಅದು ಅವಳ ಕತ್ತಿಗೆ ಗೊತ್ತಿಲ್ಲ.
ನಾನು ಕೀಬೋರ್ಡನ್ನು ಮೆಲ್ಲಗೆ ತೊಡೆಗೆಳೆದುಕೊಂಡು
ಅವಳು ವಾಲಿದತ್ತ ಬಾಣದ ಗುಂಡಿ ಒತ್ತಿದೆ:
ಕಿಟಕಿ ಕೆಂಪಾಯಿತು.
ಅತ್ತ ವಾಲಿದಳು. ಒತ್ತಿದೆ. ಹಸಿರು.
"ಹಾಂ," ಎಂದಳು,
ಮತ್ತೆ ಎಡಕ್ಕೆ ವಾಲಿದಳು.